ಕುಡಿತದ ತಪಾಸಣೆಯೋ, ರಾತ್ರಿಯ ಸುಂಕವೋ?

ಕುಡಿದು ಗಾಡಿ ನಡೆಸುವವನು ಅಪರಾಧಿ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಮುಂದೆ ನಾವು ಬರೆಯಲಿರುವುದನ್ನು ಹಿಡಿದು, 'ನೋಡಿ, ಇವರು ಕುಡುಕರ ವಕೀಲರು' ಎಂದು ಸಾರಿಕೊಂಡು ಬರುವ ಮಹನೀಯರು ನಮ್ಮ ಊರಿನಲ್ಲಿ ಕಡಿಮೆಯಿಲ್ಲ. ಕುಡಿದವನ ಲಾರಿಯ ಗಾಲಿಗೆ ಸಿಕ್ಕುವವರು ಯಾರು? ಬಂಗಲೆಯಲ್ಲಿ ಮಲಗಿದವರಲ್ಲ. ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನ ಮೇಲೆ ಮನೆಗೆ ಹೊರಟ ಮಿಲ್ಲಿನ ಕೆಲಸಗಾರ, ನಸುಕಿನಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ನಡೆಯುವ ಹೆಂಗಸು, ರಸ್ತೆಯ ಬದಿಯ ಕಟ್ಟೆಯ ಮೇಲೆ ಮಲಗಿದ ಹಮಾಲ. ಸಾಯುವವರು ನಮ್ಮವರು. ಆದ್ದರಿಂದ ಕುಡಿದು ನಡೆಸುವವರನ್ನು ಹಿಡಿಯಬೇಕು, ಕೋರ್ಟಿಗೆ ಒಯ್ಯಬೇಕು, ತಪ್ಪು ರುಜುವಾತಾದರೆ ಶಿಕ್ಷೆಯಾಗಬೇಕು. ಇದರಲ್ಲಿ ನಮಗೂ ಪೋಲೀಸರಿಗೂ ಭೇದವಿಲ್ಲ.

ಭೇದವಿರುವುದು ಹಿಡಿಯುವ ರೀತಿಯಲ್ಲಿ. ಕಾನೂನು ಪೋಲೀಸರಿಗೆ ಅಧಿಕಾರ ಕೊಟ್ಟ ಪುಟದಲ್ಲಿಯೇ ಆ ಅಧಿಕಾರಕ್ಕೆ ಮೆಟ್ಟಿಲುಗಳನ್ನೂ ಕಟ್ಟಿದೆ. ಒಂದೊಂದೇ ಮೆಟ್ಟಿಲು ಹತ್ತಿ ಬಂದರೆ ಅದು ತಪಾಸಣೆ. ಮೆಟ್ಟಿಲು ಹಾರಿ ಬಂದು ಕೈ ಚಾಚಿದರೆ ಅದು ಸುಂಕ. ಹಿಂದಿನ ಕಾಲದ ಪಾಳೆಯಗಾರನ ಆಳು ಹಾದಿಯಲ್ಲಿ ನಿಂತು ಗಾಡಿ ತಡೆದು ಕಾಸು ವಸೂಲು ಮಾಡುತ್ತಿದ್ದ ಸುಂಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬಟ್ಟೆಯ ಬಣ್ಣದ್ದು ಮಾತ್ರ.

ನಮ್ಮ ಬಳಿಗೆ ಬಂದು ಹೇಳಿಕೊಳ್ಳುವ ಡ್ರೈವರುಗಳ, ಅಂಗಡಿಯವರ, ಮಿಲ್ಲಿನವರ ಮಾತಿನ ಸಾರ ಒಂದೇ. ರಾತ್ರಿ ಊರ ಹೊರಗೆ ಗಾಡಿ ನಿಲ್ಲಿಸುತ್ತಾರೆ. ಮೊದಲು ಕೀಲಿ ಕಿತ್ತುಕೊಳ್ಳುತ್ತಾರೆ. 'ಊದು' ಎನ್ನುತ್ತಾರೆ, ಯಂತ್ರದಲ್ಲಿ ಎಷ್ಟು ಬಂತೆಂದು ತೋರಿಸುವುದಿಲ್ಲ. ಕೆಲವೊಮ್ಮೆ ಯಂತ್ರವೂ ಇರುವುದಿಲ್ಲ. 'ಬಾಯಿ ತೆರೆ' ಎಂದು ಮೂಸಿ ನೋಡುತ್ತಾರೆ. ಆಮೇಲೆ ಲೆಕ್ಕ ಶುರುವಾಗುತ್ತದೆ: 'ಕೋರ್ಟಿಗೆ ಹೋದರೆ ಹತ್ತು ಸಾವಿರ, ಇಲ್ಲಿಯೇ ಮುಗಿಸಿದರೆ ಇಷ್ಟು.' ಕುಡಿದವನೂ ಕೊಡುತ್ತಾನೆ, ಕುಡಿಯದವನೂ ಕೊಡುತ್ತಾನೆ. ಬೆಳಗಿನ ಹರಾಜಿಗೆ ಟೊಮೆಟೊ ಮುಟ್ಟಿಸಬೇಕಾದ ಗೂಡ್ಸ್ ಆಟೋದವನಿಗೆ ಸತ್ಯ ಸಾಧಿಸುತ್ತ ನಿಲ್ಲಲು ಪುರಸೊತ್ತೆಲ್ಲಿದೆ? ಎಲ್ಲ ಪೋಲೀಸರೂ ಹೀಗೆಂದು ನಾವು ಹೇಳುವುದಿಲ್ಲ. ಮಳೆಯಲ್ಲಿ ನೆನೆದು ಪ್ರಾಮಾಣಿಕವಾಗಿ ಕೆಲಸ ಮಾಡುವ ಕಾನ್‌ಸ್ಟೇಬಲ್ಲುಗಳೂ ಇದ್ದಾರೆ. ಅವರೂ ಕೂಲಿಯ ಮಕ್ಕಳೇ. ಆದರೆ ಮನುಷ್ಯ ಒಳ್ಳೆಯವನಾದರೆ ನ್ಯಾಯ, ಕೆಟ್ಟವನಾದರೆ ಅನ್ಯಾಯ ಎಂಬ ಏರ್ಪಾಡಿಗೆ ಕಾನೂನಿನ ರಾಜ್ಯವೆಂದು ಹೆಸರಿಡಲಾಗದು.

ಹಾಗಾದರೆ ಕಾನೂನು ಏನು ಹೇಳುತ್ತದೆ? ನಾವು ಹಳೆಯ ಮೇಷ್ಟರು. ಪಾಠ ಓದಿಸುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. 1988ರ ಮೋಟಾರು ವಾಹನ ಕಾಯಿದೆಯನ್ನು ಬಿಡಿಸಿ ಕೂಡಿ ಓದೋಣ.

ಕಲಂ 185. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಇದೆಯೆಂದು ಉಸಿರಿನ ಯಂತ್ರದಿಂದಾಗಲಿ, ಪ್ರಯೋಗಶಾಲೆಯ ಪರೀಕ್ಷೆಯಿಂದಾಗಲಿ ಕಂಡುಬಂದರೆ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಅದಕ್ಕೆ ಮುಂಚೆ ಮೊದಲ ಸಲದ ದಂಡ 2,000 ರೂಪಾಯಿ ದಾಟುತ್ತಿರಲಿಲ್ಲ. ದಂಡ ಒಮ್ಮೆಲೇ ಐದು ಪಟ್ಟಾಯಿತು. ಹೆದರಿಸುವವನ ಕೈಯಲ್ಲಿರುವ ಕೋಲು ಉದ್ದವಾದಂತೆ ರಸ್ತೆಯ ಮೇಲಿನ ಚೌಕಾಸಿಯ ದರವೂ ಏರುತ್ತದೆಂಬುದನ್ನು ದಿಲ್ಲಿಯಲ್ಲಿ ಕುಳಿತವರು ಯೋಚಿಸಲಿಲ್ಲ.

ಕಲಂ 203. ಉಸಿರು ಪರೀಕ್ಷೆ ಕೇಳುವ ಪೋಲೀಸು ಅಧಿಕಾರಿ ಸಮವಸ್ತ್ರದಲ್ಲಿರಬೇಕು. ಚಾಲಕನು ಕುಡಿದಿದ್ದಾನೆಂದು ಸಂಶಯಪಡಲು ಅಧಿಕಾರಿಗೆ ನ್ಯಾಯವಾದ ಕಾರಣ ಇರಬೇಕು. ಬಳಸುವ ಯಂತ್ರವು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಒಪ್ಪಿದ ಮಾದರಿಯದಾಗಿರಬೇಕು. ಯಂತ್ರ ಮದ್ಯ ತೋರಿಸಿದರೆ ದಸ್ತಗಿರಿ ಮಾಡಬಹುದು. ಆದರೆ ದಸ್ತಗಿರಿಯಾದವನಿಗೆ ಠಾಣೆಯಲ್ಲಿ ಮತ್ತೊಮ್ಮೆ ಊದುವ ಅವಕಾಶ ಕೊಡಲೇಬೇಕು. ಈ ಎರಡನೆಯ ಅವಕಾಶ ಎಷ್ಟು ಮಂದಿಗೆ ಸಿಕ್ಕಿದೆ? ಎಷ್ಟು ಮಂದಿಗೆ ಗೊತ್ತಿದೆ?

ಕಲಂ 204. ಠಾಣೆಯಲ್ಲಿ ರಕ್ತದ ಮಾದರಿ ತೆಗೆಯಬೇಕಾದವನು ನೋಂದಾಯಿತ ವೈದ್ಯ. ಹೆಂಗಸಿನ ರಕ್ತವನ್ನು ಗಂಡಸು ವೈದ್ಯ ತೆಗೆಯುವುದಾದರೆ ಹತ್ತಿರ ಇನ್ನೊಬ್ಬ ಹೆಂಗಸು ಇರಲೇಬೇಕು.

ಇನ್ನು ಕಲಂ 202. ಇದನ್ನು ಪ್ರತಿಯೊಬ್ಬ ಡ್ರೈವರೂ ಬಾಯಿಪಾಠ ಮಾಡಬೇಕು. ಕುಡಿದು ನಡೆಸುವುದು ತನ್ನ ಕಣ್ಣೆದುರಿಗೆ ಕಂಡುದರಿಂದ ಪೋಲೀಸು ಅಧಿಕಾರಿ ಈ ಕಲಮಿನ ಕೆಳಗೆ ಒಬ್ಬನನ್ನು ಹಿಡಿದರೆ, ಎರಡು ಗಂಟೆಯೊಳಗೆ ಅವನನ್ನು ನೋಂದಾಯಿತ ವೈದ್ಯನಿಂದ ಪರೀಕ್ಷೆ ಮಾಡಿಸಬೇಕು, ಮಾಡಿಸದಿದ್ದರೆ ಬಿಟ್ಟುಬಿಡಬೇಕು. ಕಾಯಿದೆಯ ಮಾತು ಇಷ್ಟು ಸ್ಪಷ್ಟವಾಗಿದೆ. ಎರಡು ಗಂಟೆ ಏಕೆ? ಹೊತ್ತು ಹೋದಂತೆ ರಕ್ತದಲ್ಲಿನ ಮದ್ಯ ಇಳಿಯುತ್ತದೆ, ಅಪರಾಧಿಯ ವಿರುದ್ಧದ ಸಾಕ್ಷ್ಯ ಕರಗುತ್ತದೆ. ನಿರಪರಾಧಿಯಾದರೋ ಠಾಣೆಯ ಬೆಂಚಿನ ಮೇಲೆ ಸುಮ್ಮನೆ ಕೊಳೆಯುತ್ತಾನೆ. ಈ ನಿಯಮ ಕುಡುಕನಿಗೆ ಮಾಡಿದ ಉಪಕಾರವಲ್ಲ, ಸತ್ಯ ತಿಳಿಯಬೇಕೆನ್ನುವವರಿಗೆ ಹಾಕಿಕೊಟ್ಟ ದಾರಿ.

ಮೂಸಿ ನೋಡುವವರಿಗೆ ಒಂದು ಮಾತು. 1971ರಲ್ಲಿಯೇ ಸುಪ್ರೀಂ ಕೋರ್ಟು ಮುಂಬಯಿಯ ಒಂದು ಅಪಘಾತದ ಮೊಕದ್ದಮೆಯಲ್ಲಿ ತೀರ್ಮಾನ ಕೊಟ್ಟಿದೆ. ಬಾಯಲ್ಲಿ ವಾಸನೆ, ನಡೆ ತಡವರಿಕೆ, ಮಾತು ತೊದಲು, ಕಣ್ಣಿನ ಪಾಪೆ ಹಿಗ್ಗಿರುವುದು—ಇಷ್ಟರಿಂದಲೇ ಮನುಷ್ಯ ಕುಡಿದಿದ್ದನೆಂದು ನಿರ್ಧರಿಸಲಾಗದು, ಪರೀಕ್ಷೆ ಮಾಡಿಸಬೇಕಾಗಿತ್ತು, ಎಂದು. ಹದಿನಾರು ಗಂಟೆ ಗಾಡಿ ನಡೆಸಿದವನ ನಡೆಯೂ ತಡವರಿಸುತ್ತದೆ. ಎರಡು ಪಾಳಿ ಒಟ್ಟಿಗೆ ದುಡಿದವನ ಕಣ್ಣೂ ಕೆಂಪಾಗಿರುತ್ತದೆ. ಸಾರಿಗೆ ಕೆಲಸಗಾರನಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು 1961ರಲ್ಲಿಯೇ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಹೇಳಿತು. ಆ ಗಂಟೆ ಮೀರಿ ದುಡಿಸುವ ಮಾಲೀಕನ ಬಾಯಿಗೆ ಯಾವ ಯಂತ್ರ ಹಿಡಿಯುತ್ತಾರೆ?

ಯಂತ್ರದ ಸಂಗತಿಗೆ ಬರೋಣ. ಇದು ವ್ಯಾಪಾರಿಗಳಿಗೆ ಚೆನ್ನಾಗಿ ಅರ್ಥವಾಗುವ ಸಂಗತಿ. ನಮ್ಮ ಕಿರಾಣಿ ಅಂಗಡಿಯವನ ತಕ್ಕಡಿಗೆ ಕಾಲಕಾಲಕ್ಕೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಬೀಳಬೇಕು. ಮುದ್ರೆಯ ಅವಧಿ ಮುಗಿದಿದ್ದರೆ ಇನ್‌ಸ್ಪೆಕ್ಟರು ದಂಡ ಹಾಕುತ್ತಾನೆ. 'ನನ್ನ ತಕ್ಕಡಿ ಸರಿಯಾಗಿಯೇ ಇದೆ' ಎಂದರೆ ಕೇಳುವುದಿಲ್ಲ. ಕಾಲು ಕಿಲೋ ಬೆಲ್ಲ ತೂಗುವ ತಕ್ಕಡಿಗೆ ಇಷ್ಟು ಶಿಸ್ತು ಬೇಕಾದರೆ, ಮನುಷ್ಯನ ಮಾನ, ಲೈಸೆನ್ಸು, ಅನ್ನ ತೂಗುವ ಯಂತ್ರಕ್ಕೆ ಎಷ್ಟು ಶಿಸ್ತು ಬೇಕು?

ಈ ಯಂತ್ರ ರಕ್ತವನ್ನು ನೋಡುವುದಿಲ್ಲ. ಉಸಿರನ್ನು ನೋಡಿ ರಕ್ತದ ಲೆಕ್ಕ ಕಟ್ಟುತ್ತದೆ. 2100 ಮಿಲಿಲೀಟರು ಉಸಿರಿನಲ್ಲಿ ಎಷ್ಟು ಮದ್ಯಸಾರವಿದೆಯೋ ಅಷ್ಟು 1 ಮಿಲಿಲೀಟರು ರಕ್ತದಲ್ಲಿದೆ ಎಂಬುದು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಇದು ಸರಾಸರಿಯ ಲೆಕ್ಕ. ಎಲ್ಲ ಶರೀರಗಳಿಗೂ ಕರಾರುವಾಕ್ಕಾಗಿ ಒಂದೇ ಅಲ್ಲ. ಬಾಯಿ ಮುಕ್ಕಳಿಸುವ ಔಷಧಿ, ಮದ್ಯಸಾರ ಬೆರೆತ ಕೆಮ್ಮಿನ ಔಷಧಿ ಬಾಯಲ್ಲಿ ಆಗತಾನೆ ಇದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಹದಿನೈದು ನಿಮಿಷ ಕಾದು ಮತ್ತೆ ಊದಿಸಿದರೆ ಅದು ಇಳಿದುಹೋಗುತ್ತದೆ. ಯಂತ್ರದೊಳಗಿನ ಸಾಧನ ದಿನ ಕಳೆದಂತೆ ಸವೆಯುತ್ತದೆ. ಗೊತ್ತಿರುವ ಅಳತೆಯ ಅನಿಲವನ್ನೋ ದ್ರಾವಣವನ್ನೋ ಇಟ್ಟು ಆಗಾಗ ಸರಿಹೊಂದಿಸಬೇಕು. ಒಬ್ಬನ ಉಸಿರು ಹಿಡಿಯುವ ಮುಂಚೆ ಬರಿಯ ಗಾಳಿಗೆ ಸೊನ್ನೆ ತೋರಿಸಬೇಕು; ಇಲ್ಲದಿದ್ದರೆ ಹಿಂದಿನವನ ಪಾಪ ಮುಂದಿನವನ ತಲೆಗೆ ಬರುತ್ತದೆ. ಇವು ಯಂತ್ರ ಗೊತ್ತಿದ್ದವರೆಲ್ಲ ಒಪ್ಪುವ ಸಾಮಾನ್ಯ ಸಂಗತಿಗಳು. ಹಾಗಿದ್ದರೆ ಯಂತ್ರದ ನಂಬರು, ಕೊನೆಯ ಸಲ ಸರಿಹೊಂದಿಸಿದ ತಾರೀಖು, ಊದಿದ ಹೊತ್ತು, ಬಂದ ಅಂಕಿ—ಇವನ್ನು ಅಚ್ಚಾದ ಚೀಟಿಯಲ್ಲಿ ಚಾಲಕನ ಕೈಗೆ ಕೊಡಲು ಏನು ತೊಂದರೆ? ಸೇರು ಅಕ್ಕಿ ಕೊಂಡರೂ ಬಿಲ್ಲು ಕೊಡಬೇಕೆಂದು ನಮಗೆ ಉಪದೇಶ ಮಾಡುವ ಸರ್ಕಾರ ತಾನೇ ಬಿಲ್ಲಿಲ್ಲದ ವ್ಯಾಪಾರ ನಡೆಸಬಾರದು.

ಗಾಡಿ ನಿಲ್ಲಿಸುವ ರೀತಿಯ ವಿಷಯ ಇನ್ನೂ ಭಯಂಕರವಾದದ್ದು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಡೆದುದನ್ನು ಕನ್ನಡ ನಾಡು ಮರೆಯಬಾರದು. ನಾಯಿ ಕಚ್ಚಿದ ಪುಟ್ಟ ಹೆಣ್ಣುಮಗುವನ್ನು ತಾಯಿತಂದೆ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ಟಿನ ತಪಾಸಣೆಗೆ ಸಂಚಾರಿ ಪೋಲೀಸರು ಅಡ್ಡಗಟ್ಟಿದರು; ಗಾಡಿಯಿಂದ ಬಿದ್ದ ಮಗು ರಸ್ತೆಯಲ್ಲಿಯೇ ಪ್ರಾಣ ಬಿಟ್ಟಿತು. ಮೂವರು ಎ.ಎಸ್.ಐ.ಗಳು ಅಮಾನತಾದರು. ಆ ಬಳಿಕ ರಾಜ್ಯದ ಪೋಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಿ, ಗಾಡಿಗೆ ಹಠಾತ್ತನೆ ಅಡ್ಡ ಬೀಳಬಾರದು, ಕೀಲಿ ಕಿತ್ತುಕೊಳ್ಳಬಾರದು ಎಂದು ತಾಕೀತು ಮಾಡಿದರು. ಅದು ಹೆಲ್ಮೆಟ್ಟಿನ ತಪಾಸಣೆ, ಕುಡಿತದ್ದಲ್ಲ, ನಿಜ. ಆದರೆ ರಸ್ತೆ ಅದೇ, ಕೈ ಅದೇ, ಅಡ್ಡಗಟ್ಟುವ ಚಾಳಿ ಅದೇ. ಹಗಲಿನಲ್ಲಿ ಮಗುವಿನ ಜೀವ ತೆಗೆದ ಚಾಳಿ ರಾತ್ರಿಯ ಕತ್ತಲಲ್ಲಿ ಸಾಧುವಾಗುವುದೇ? ಸೂಚನೆ ಹೊರಡಿಸಲು ಒಂದು ಮಗು ಸಾಯಬೇಕಾಯಿತು. ಅದನ್ನು ಪಾಲಿಸಲು ಎಷ್ಟು ಮಕ್ಕಳು ಸಾಯಬೇಕು?

ಇನ್ನು ಗಾಡಿಯನ್ನೇ ಹಿಡಿದಿಟ್ಟುಕೊಳ್ಳುವ ಪ್ರಶ್ನೆ. ಡ್ರೈವರು ಕುಡಿದಿದ್ದರೆ ಅವನು ಮುಂದೆ ನಡೆಸದಂತೆ ತಡೆಯಬೇಕು, ಸರಿ. ಆದರೆ ಗಾಡಿ ಏನು ಕುಡಿದಿತ್ತು? 2021ರಲ್ಲಿ ತೆಲಂಗಾಣ ಹೈಕೋರ್ಟು ಇದನ್ನು ಬಿಡಿಸಿ ಹೇಳಿತು. ಕುಡಿದು ನಡೆಸಿದ ಕಾರಣ ಮಾತ್ರಕ್ಕೆ ಗಾಡಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಪೋಲೀಸರಿಗಿಲ್ಲ. ಜೊತೆಯಲ್ಲಿ ಲೈಸೆನ್ಸಿರುವ, ಕುಡಿಯದ ಮನುಷ್ಯನಿದ್ದರೆ ಅವನ ಕೈಗೆ ಗಾಡಿ ಕೊಡಬೇಕು. ಇಲ್ಲದಿದ್ದರೆ ನೆಂಟರನ್ನೋ ಸ್ನೇಹಿತರನ್ನೋ ಕರೆಸಬೇಕು. ಯಾರೂ ಬರದಿದ್ದರೆ ಮಾತ್ರ ತಾತ್ಕಾಲಿಕವಾಗಿ ಭದ್ರವಾದ ಕಡೆ ಇಟ್ಟು, ದಾಖಲೆ ತೋರಿಸಿದಾಗ ಹಿಂದಿರುಗಿಸಬೇಕು. ನೆರೆಯ ರಾಜ್ಯದ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲವೆಂದು ವಕೀಲರು ಹೇಳಬಹುದು. ಆದರೆ ಕಾಯಿದೆ ಇಡೀ ದೇಶಕ್ಕೆ ಒಂದೇ. ಹೈದರಾಬಾದಿನಲ್ಲಿ ಓದಿದರೆ ಒಂದು ಅರ್ಥ, ಇಲ್ಲಿ ಓದಿದರೆ ಇನ್ನೊಂದು ಅರ್ಥ ಬರಬೇಕಾಗಿಲ್ಲ. ಸಾಲದ ಕಂತಿನ ಮೇಲೆ ಓಡುವ ಟೆಂಪೊ ಠಾಣೆಯ ಅಂಗಳದಲ್ಲಿ ಹತ್ತು ದಿನ ನಿಂತರೆ ಆ ಮನೆಯ ಒಲೆಯೂ ಹತ್ತು ದಿನ ಆರುತ್ತದೆ. ಕೋರ್ಟು ಶಿಕ್ಷೆ ಕೊಡುವ ಮುಂಚೆಯೇ ಪೋಲೀಸು ಶಿಕ್ಷೆ ಮುಗಿದಿರುತ್ತದೆ.

ಈಗ ಹಣದ ಮಾತು. ಇದನ್ನು ಗಟ್ಟಿಯಾಗಿ ಹೇಳುತ್ತೇವೆ, ಓದು ಬಾರದವರಿಗೂ ಓದಿ ಹೇಳಿರಿ. ಸ್ಥಳದಲ್ಲಿಯೇ ದಂಡ ಕಟ್ಟಿಸಿಕೊಂಡು ಮುಗಿಸಬಹುದಾದ ಅಪರಾಧಗಳ ಪಟ್ಟಿ ಕಾಯಿದೆಯ ಕಲಂ 200ರಲ್ಲಿದೆ. ಕಲಂ 185 ಆ ಪಟ್ಟಿಯಲ್ಲಿ ಇಲ್ಲ. ಕುಡಿದು ನಡೆಸಿದ ಕೇಸು ತೀರುವುದು ಮ್ಯಾಜಿಸ್ಟ್ರೇಟರ ಮುಂದೆ ಮಾತ್ರ. ಆದ್ದರಿಂದ ಈ ಕೇಸಿಗೆಂದು ರಸ್ತೆಯ ಮೇಲೆ ಯಾರು ಹಣ ಕೇಳಿದರೂ, ಎಷ್ಟು ಕೇಳಿದರೂ, ನಗದು ಕೇಳಲಿ, ಇನ್ನೊಬ್ಬನ ಫೋನಿಗೆ ಹಾಕೆನ್ನಲಿ, ಅದು ದಂಡವಲ್ಲ, ಲಂಚ.

ಮತ್ತೊಂದು ಕಡೆ ನೋಡಿರಿ. ಈ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಮಾಡುವವರು ಯಾರು? ಸರ್ಕಾರವೇ. 2003ರಲ್ಲಿ ಪಾನೀಯ ನಿಗಮ ಕಟ್ಟಿ ಸಗಟನ್ನೆಲ್ಲ ಕೈಗೆ ತೆಗೆದುಕೊಂಡಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿದೆವೆಂದು ಬೆನ್ನು ತಟ್ಟಿಕೊಂಡಿತು. ಸಾರಾಯಿ ಕುಡಿಯುತ್ತಿದ್ದವನು ಹೆಚ್ಚು ದುಡ್ಡು ತೆತ್ತು ವಿಸ್ಕಿಯ ಪ್ಯಾಕೆಟ್ಟಿಗೆ ಬಂದ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟಿತು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದಿತು. 2017ರಲ್ಲಿ ಅದೇ ಕೋರ್ಟು ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು, ಆಮೇಲೆ ನಗರಸಭೆಗಳ ಮಿತಿಯೊಳಗಿನ ಅಂಗಡಿಗಳಿಗೆ ತಡೆಯಿಲ್ಲವೆಂದಿತು. ಆದೇಶ ಸಡಿಲವಾದಂತೆ ನಿಟ್ಟುಸಿರು ಬಿಟ್ಟವರಲ್ಲಿ ಸರ್ಕಾರಗಳೇ ಮುಂದು. ಬಾಟಲಿ ಮಾರಿ ಗುರಿ ಮುಟ್ಟಿಸುವುದು ಒಂದು ಇಲಾಖೆ. ಅದೇ ಬಾಟಲಿಗೆ ದಂಡ ಹಾಕುವುದು ಇನ್ನೊಂದು ಇಲಾಖೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ. ಬಾರಿನಿಂದ ಹೊರಬಂದವನಿಗೆ ಮನೆ ಮುಟ್ಟಲು ರಾತ್ರಿ ಒಂದು ಬಸ್ಸಿಲ್ಲ. ಕುಡಿದವನು ಗಾಡಿ ಮುಟ್ಟಬಾರದು ನಿಜ. ಆದರೆ ರಾತ್ರಿ ಬಸ್ಸು ಓಡಿಸುವ ಹೊಣೆ ಆ 40,000 ಕೋಟಿಯ ಗುರಿ ಇಟ್ಟವರದಲ್ಲವೇ?

ನಮ್ಮ ಎದುರಾಳಿಗಳು ಒಂದು ವಾದ ಹೂಡುತ್ತಾರೆ: 'ಕಲಂ, ನಿಯಮ ಎಂದು ಕುಳಿತರೆ ಕುಡುಕರು ತಪ್ಪಿಸಿಕೊಳ್ಳುತ್ತಾರೆ, ಪೋಲೀಸರ ಕೈ ಕಟ್ಟಬೇಡಿ.' ಇದು ತಲೆಕೆಳಗಾದ ಮಾತು. ನಿಯಮ ಮುರಿದಾಗಲೇ ಕುಡುಕ ತಪ್ಪಿಸಿಕೊಳ್ಳುತ್ತಾನೆ. ರಸ್ತೆಯ ಮೇಲೆ ಕಾಸು ಕೊಟ್ಟವನು ಎಲ್ಲಿಗೆ ಹೋಗುತ್ತಾನೆ? ಮತ್ತೆ ಸ್ಟೇರಿಂಗಿನ ಹಿಂದೆ ಕುಳಿತು, ಅದೇ ಅಮಲಿನಲ್ಲಿ, ನಮ್ಮ ಮಿಲ್ಲಿನ ಗೇಟಿನ ಕಡೆಗೆ. ಲಂಚ ಪಡೆದವನು ಅಪರಾಧಿಗೆ ರಹದಾರಿ ಬರೆದುಕೊಟ್ಟಂತಾಯಿತು. ಇನ್ನು ದುಡ್ಡಿರುವವನು ಕೋರ್ಟಿಗೆ ಹೋದರೆ, ದೊಡ್ಡ ವಕೀಲನನ್ನಿಟ್ಟು, ವೈದ್ಯನಿಲ್ಲ, ಚೀಟಿಯಿಲ್ಲ, ಯಂತ್ರದ ದಾಖಲೆಯಿಲ್ಲ ಎಂದು ಎಳೆ ಎಳೆಯಾಗಿ ಬಿಡಿಸಿ ಹೊರಗೆ ಬರುತ್ತಾನೆ. ಸಿಕ್ಕಿಬೀಳುವವನು ಯಾರು? ತನ್ನ ತಪ್ಪೇನೆಂದೂ ಕೇಳಲಾರದೆ, 'ಒಪ್ಪಿಕೋ, ಬೇಗ ಮುಗಿಯುತ್ತದೆ' ಎಂಬ ಮಾತಿಗೆ ತಲೆಯಾಡಿಸುವ ಬಡವ. ಕ್ರಮ ತಪ್ಪಿದ ತಪಾಸಣೆಯಿಂದ ಶ್ರೀಮಂತ ಕುಡುಕ ಪಾರಾಗುತ್ತಾನೆ, ಬಡ ನಿರಪರಾಧಿ ಮುಳುಗುತ್ತಾನೆ, ಮಧ್ಯದಲ್ಲಿ ದಲ್ಲಾಳಿ ಕೊಬ್ಬುತ್ತಾನೆ. ರಸ್ತೆಯ ಮೇಲೆ ನಮ್ಮವರ ಜೀವ ಉಳಿಯಬೇಕಾದರೆ ನಿಯಮದ ಒಂದು ಅಕ್ಷರವೂ ತಪ್ಪಬಾರದು.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ಗಾಡಿ ನಿಂತಾಗ ಏನು ಮಾಡಬೇಕೆಂದು ತಿಳಿದಿರಲಿ. ಓಡಬೇಡಿರಿ, ಜಗಳವಾಡಬೇಡಿರಿ. ಊದಲು ನಿರಾಕರಿಸಬೇಡಿರಿ, ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ಕಲಂ 205ರ ಪ್ರಕಾರ ಅದನ್ನೇ ನಿಮ್ಮ ವಿರುದ್ಧ ಹಿಡಿಯಬಹುದು. ಅಧಿಕಾರಿಯ ಹೆಸರು ನೋಡಿಕೊಳ್ಳಿರಿ. ಅಂಕಿ ತೋರಿಸಿರೆಂದು ಕೇಳಿರಿ. ಒಪ್ಪಿಗೆಯಾಗದಿದ್ದರೆ ಠಾಣೆಯಲ್ಲಿ ಮತ್ತೆ ಊದಿಸಿರಿ, ವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿರಿ ಎಂದು ಬರೆದುಕೊಡಿರಿ. ಹೊತ್ತು ಗುರುತು ಹಾಕಿಕೊಳ್ಳಿರಿ. ಲೈಸೆನ್ಸು ತೆಗೆದುಕೊಂಡರೆ ರಸೀದಿ ಕೊಡಲೇಬೇಕು. ದಸ್ತಗಿರಿಯಾದರೆ ಕಾರಣ ತಿಳಿಯುವ ಹಕ್ಕು, ವಕೀಲನನ್ನು ಕಾಣುವ ಹಕ್ಕು ಸಂವಿಧಾನದ 22ನೆಯ ವಿಧಿ ಕೊಟ್ಟದ್ದು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕೆಂಬುದು 1996ರಲ್ಲಿ ಸುಪ್ರೀಂ ಕೋರ್ಟು ಡಿ.ಕೆ. ಬಸು ಮೊಕದ್ದಮೆಯಲ್ಲಿ ಹಾಕಿದ ಕಟ್ಟಳೆ. ಇದು ಜಾಮೀನು ಸಿಗುವ ಅಪರಾಧ. ಜಾಮೀನು ಹಕ್ಕು, ಯಾರ ದಯೆಯೂ ಅಲ್ಲ. ಓದದ ಕಾಗದಕ್ಕೆ ರುಜು ಹಾಕಬೇಡಿರಿ. ವಕೀಲನಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಡಿರಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಕಲಂ 12ರಲ್ಲಿ ಕೈಗಾರಿಕಾ ಕೆಲಸಗಾರನಿಗೂ ಬಂಧನದಲ್ಲಿರುವವನಿಗೂ ಉಚಿತ ವಕೀಲನನ್ನು ಪಡೆಯುವ ಹಕ್ಕಿದೆ, ಜಿಲ್ಲಾ ಕೋರ್ಟಿನ ಆವರಣದಲ್ಲಿ ಕೇಳಿದರೆ ಪ್ರಾಧಿಕಾರದ ಕಚೇರಿ ತೋರಿಸುತ್ತಾರೆ.

ಜಿಲ್ಲೆಯ ಪೋಲೀಸು ಅಧಿಕಾರಿಗಳ ಮುಂದೆ ನಮ್ಮ ಬೇಡಿಕೆಗಳನ್ನು ಇಡುತ್ತೇವೆ.

1. ತಪಾಸಣೆಯ ಜಾಗದಲ್ಲಿ ಬೆಳಕಿರಬೇಕು, ದೂರದಿಂದಲೇ ಕಾಣುವ ಫಲಕವಿರಬೇಕು. ಗಾಡಿಗೆ ಅಡ್ಡ ಹಾರುವುದು, ಕೀಲಿ ಕೀಳುವುದು ನಿಲ್ಲಬೇಕು.

2. ಊದಿದ ಪ್ರತಿಯೊಬ್ಬನಿಗೂ ಅಚ್ಚಾದ ಚೀಟಿ ಸಿಗಬೇಕು. ಪ್ರತಿ ಯಂತ್ರವನ್ನು ಸರಿಹೊಂದಿಸಿದ ತಾರೀಖು ಠಾಣೆಯ ಬೋರ್ಡಿನ ಮೇಲೆ ಇರಬೇಕು.

3. ಎರಡನೆಯ ಸಲ ಊದುವ ಅವಕಾಶ ಮತ್ತು ಎರಡು ಗಂಟೆಯೊಳಗಿನ ವೈದ್ಯ ಪರೀಕ್ಷೆ ತಪ್ಪದೆ ನಡೆಯಬೇಕು. ಇದಕ್ಕೆ ಜಿಲ್ಲಾಸ್ಪತ್ರೆಯಲ್ಲಿ ರಾತ್ರಿ ಏರ್ಪಾಡು ಬೇಕು.

4. ಕುಡಿಯದ ಜೊತೆಗಾರನ ಕೈಗೆ ಅಲ್ಲಿಯೇ ಗಾಡಿ ಕೊಡಬೇಕು.

5. ಮಿಲ್ಲಿನ ರಸ್ತೆಯಲ್ಲಿ, ಮಾರ್ಕೆಟ್ ಯಾರ್ಡಿನ ದಾರಿಯಲ್ಲಿ ನಿಲ್ಲುವ ತಪಾಸಣೆ ಕ್ಲಬ್ಬಿನ ಗೇಟಿನ ಮುಂದೆಯೂ ನಿಲ್ಲಬೇಕು. ಅಮಲಿಗೆ ಜಾತಿಯಿಲ್ಲ, ತಪಾಸಣೆಗೂ ಇರಬಾರದು.

6. ಇದಾವುದರಲ್ಲಿಯೂ ಹೊಸ ಕಾನೂನು ಬೇಕಿಲ್ಲ, ಕೋಟಿಗಟ್ಟಲೆ ಹಣ ಬೇಕಿಲ್ಲ. ಆದ್ದರಿಂದ ನಾಳೆ ನೋಡೋಣವೆಂಬ ಉತ್ತರವನ್ನು ನಾವು ಒಪ್ಪುವುದಿಲ್ಲ.

ಮಿಲ್ಲಿನ ಯೂನಿಯನ್ನು, ಗೂಡ್ಸ್ ಆಟೋ ಸ್ಟ್ಯಾಂಡು, ಕಿರಾಣಿ ವರ್ತಕರ ಸಂಘ, ಎಲ್ಲರೂ ಈ ಬೇಡಿಕೆಗಳಿಗೆ ರುಜು ಹಾಕಿರಿ. ಒಬ್ಬನೇ ನಿಂತು ಕಲಂ ಹೇಳಿದರೆ 'ದೊಡ್ಡ ವಕೀಲ ಬಂದ' ಎಂದು ಗದರಿಸುತ್ತಾರೆ. ನೂರು ಮಂದಿ ಅದೇ ಕಲಂ ಬಾಯಿಪಾಠ ಮಾಡಿ ಬಂದರೆ, ಗದರಿಸುವ ಬಾಯಿ ತಾನಾಗಿ ನಿಯಮ ಓದತೊಡಗುತ್ತದೆ. ಕುಡಿದವನು ಕೋರ್ಟಿಗೆ ಹೋಗಲಿ. ಕುಡಿಯದವನು ಮನೆಗೆ ಹೋಗಲಿ. ರಾತ್ರಿಯ ಸುಂಕದ ಕಟ್ಟೆ ಮುಚ್ಚಲಿ.